ಸೂಜಿಗಲ್ಲಿನ ನಿಜವಾದ ಪರೀಕ್ಷೆ

ಕಬ್ಬಿಣವನ್ನು ಸೆಳೆಯುವ ಕಲ್ಲಿಗೆ ನಮ್ಮ ಹಿರಿಯರು ಸೂಜಿಗಲ್ಲು ಎಂದು ಹೆಸರಿಟ್ಟರು. ಸೆಳೆಯುವುದೇ ಅದರ ಗುಣವೆಂಬ ಭಾವನೆ ಆ ಹೆಸರಿನಲ್ಲಿಯೇ ಅಡಗಿದೆ. ಸಜಾತೀಯ ಧ್ರುವಗಳು ವಿಕರ್ಷಿಸುತ್ತವೆ, ವಿಜಾತೀಯ ಧ್ರುವಗಳು ಆಕರ್ಷಿಸುತ್ತವೆ ಎಂಬ ಸೂತ್ರವನ್ನು ಶಾಲೆಯ ಮಕ್ಕಳು ಕಂಠಪಾಠ ಮಾಡಿರುತ್ತಾರೆ. ಆದರೆ ಕೈಯಲ್ಲಿರುವ ವಸ್ತು ಕಾಂತವೋ ಬರಿಯ ಕಬ್ಬಿಣವೋ ಎಂಬುದನ್ನು ನಿರ್ಧರಿಸುವ ಬಗೆ ಹೇಗೆಂದು ಕೇಳಿದರೆ, ಬಹುಮಂದಿ “ಸೆಳೆಯುವುದೋ ಇಲ್ಲವೋ ನೋಡಿದರಾಯಿತು” ಎನ್ನುತ್ತಾರೆ. ಈ ಉತ್ತರ ಸಾಲದು. ಸೆಳೆತವೊಂದರಿಂದಲೇ ಕಾಂತವನ್ನು ಗುರುತಿಸಲಾಗದು. ತಳ್ಳುವಿಕೆಯೇ ಅದರ ನಿಜವಾದ ಪರೀಕ್ಷೆ.

ಇದಕ್ಕೆ ಬೇಕಾದ ಸಾಮಗ್ರಿ ನಮ್ಮ ಸೀಮೆಯಲ್ಲಿಯೇ ಉಂಟು. 1997ರವರೆಗೆ ಶಿವಮೊಗ್ಗ ಜಿಲ್ಲೆಗೆ ಸೇರಿದ್ದು, ಈಗ ದಾವಣಗೆರೆ ಜಿಲ್ಲೆಯಲ್ಲಿರುವ ಚನ್ನಗಿರಿ ಸೀಮೆಯ ಉಬ್ರಾಣಿ, ತಾವರೆಕೆರೆ, ಮಸಣಿಕೆರೆಗಳ ಸುತ್ತ ಟೈಟಾನಿಯಂ, ವನೇಡಿಯಂ ಬೆರೆತ ಮ್ಯಾಗ್ನೆಟೈಟ್ ಅದಿರಿನ ನಿಕ್ಷೇಪಗಳಿವೆ. ಕಪ್ಪಗೆ, ಭಾರವಾಗಿರುವ ಈ ಕಲ್ಲು ಕಾಂತದ ಸೆಳೆತಕ್ಕೆ ಒಳಗಾಗುತ್ತದೆ. ಆದರೂ ಅದರ ಪ್ರತಿಯೊಂದು ತುಂಡೂ ಸೂಜಿಗಲ್ಲಲ್ಲ. ಕಲ್ಲಿನ ಒಂದೇ ಮಗ್ಗುಲನ್ನು ದಿಕ್ಸೂಚಿಯ ಮುಳ್ಳಿನ ಎರಡು ತುದಿಗಳಿಗೂ ಸರದಿಯಂತೆ ಹಿಡಿಯಬೇಕು. ಎರಡೂ ತುದಿಗಳು ಕಲ್ಲಿನತ್ತ ಬಂದರೆ ಅದು ಬರಿಯ ಅದಿರು. ಒಂದು ತುದಿ ಹಿಂದೆ ಸರಿದರೆ ಆ ಕಲ್ಲು ತಾನೇ ಕಾಂತವಾಗಿದೆಯೆಂದು ತಿಳಿಯಬೇಕು.

ಹೀಗೇಕೆ? 1820ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್, ವಿದ್ಯುತ್ತು ಹರಿಯುವ ತಂತಿಯು ದಿಕ್ಸೂಚಿಯ ಮುಳ್ಳನ್ನು ತಿರುಗಿಸುವುದನ್ನು ಕಂಡನು. ಅದೇ ವರ್ಷ ಫ್ರಾನ್ಸಿನ ಆಂಪೇರ್, ಒಂದೇ ದಿಕ್ಕಿನಲ್ಲಿ ವಿದ್ಯುತ್ತು ಹರಿಯುವ ಎರಡು ಸಮಾನಾಂತರ ತಂತಿಗಳು ಪರಸ್ಪರ ಸೆಳೆಯುತ್ತವೆ, ವಿರುದ್ಧ ದಿಕ್ಕಿನಲ್ಲಿ ಹರಿದರೆ ತಳ್ಳುತ್ತವೆ ಎಂದು ತೋರಿಸಿದನು. ಕಾಂತದೊಳಗಿನ ಎಲೆಕ್ಟ್ರಾನುಗಳು ಒಂದೊಂದೂ ಸುತ್ತುವ ಕಿರುಪ್ರವಾಹಕ್ಕೆ ಸಮಾನ. ಉತ್ತರ ಧ್ರುವವು ದಕ್ಷಿಣ ಧ್ರುವಕ್ಕೆ ಎದುರಾದಾಗ ಎರಡು ಕಾಂತಗಳ ಪ್ರವಾಹಗಳೂ ಒಂದೇ ದಿಕ್ಕಿನಲ್ಲಿ ಸುತ್ತುತ್ತವೆ, ಆದುದರಿಂದ ಸೆಳೆತ. ಉತ್ತರಕ್ಕೆ ಉತ್ತರವೇ ಎದುರಾದರೆ ಸುತ್ತುಗಳು ಪರಸ್ಪರ ವಿರುದ್ಧ, ಆದುದರಿಂದ ತಳ್ಳುವಿಕೆ. ಕಾಂತವನ್ನು ಎಷ್ಟು ತುಂಡು ಮಾಡಿದರೂ ಪ್ರತಿ ತುಂಡಿಗೂ ಎರಡು ಧ್ರುವಗಳಿರುವುದು ಈ ಕಾರಣದಿಂದಲೇ.

ಸಾಧಾರಣ ಮೊಳೆಯಲ್ಲಿಯೂ ಇಂತಹ ಕಿರುಕಾಂತಗಳ ಗುಂಪುಗಳಿವೆ. ಆದರೆ ಅವು ನಾನಾ ದಿಕ್ಕಿಗೆ ಮುಖಮಾಡಿರುವುದರಿಂದ ಒಂದರ ಬಲವನ್ನು ಮತ್ತೊಂದು ಕಳೆಯುತ್ತದೆ. ಕಾಂತದ ಉತ್ತರ ಧ್ರುವವನ್ನು ಹತ್ತಿರ ತಂದರೆ ಮೊಳೆಯ ಸಮೀಪದ ತುದಿ ದಕ್ಷಿಣ ಧ್ರುವವಾಗಿ ಮಾರ್ಪಡುತ್ತದೆ. ದಕ್ಷಿಣವನ್ನು ತಂದರೆ ಅದೇ ತುದಿ ಉತ್ತರವಾಗುತ್ತದೆ. ಯಾವ ಧ್ರುವ ಬಂದರೂ ಅದಕ್ಕೆ ವಿಜಾತೀಯವಾಗಿಯೇ ಮಣಿಯುವ ಮೊಳೆ ಎಂದೂ ತಳ್ಳಲಾರದು. ತನ್ನದೇ ಆದ ಸ್ಥಿರ ಧ್ರುವವುಳ್ಳ ವಸ್ತು ಮಾತ್ರ ತಳ್ಳಬಲ್ಲದು. ಇನ್ನೊಂದು ಎಚ್ಚರಿಕೆ ಅಗತ್ಯ: ಪ್ರಬಲ ಕಾಂತವನ್ನು ದುರ್ಬಲ ಕಾಂತಕ್ಕೆ ತೀರ ಸಮೀಪ ಒಯ್ದರೆ ದುರ್ಬಲವಾದುದರ ಧ್ರುವವೇ ಬದಲಾಗಿ ತಳ್ಳುವಿಕೆ ಸೆಳೆತವಾಗಬಹುದು. ಆದುದರಿಂದ ದೂರದಿಂದ ಮೆಲ್ಲಮೆಲ್ಲನೆ ತಂದು, ಮುಳ್ಳಿನ ಮೊದಲ ಚಲನೆಯನ್ನೇ ಗಮನಿಸಬೇಕು.

ಇದು ಪ್ರಯೋಗಶಾಲೆಯ ವಿನೋದವಷ್ಟೇ ಅಲ್ಲ. ಹೊನ್ನಾಳಿ, ನ್ಯಾಮತಿಗಳ ತೋಟಗಳಿಗೆ ನೀರೆತ್ತುವ ಪಂಪುಸೆಟ್ಟಿನ ಮೋಟಾರು, ಮಳೆ ಕಡಿಮೆಯಾದ ಜಗಳೂರಿನ ಕೊಳವೆಬಾವಿಯೊಳಗೆ ಇಳಿಬಿಟ್ಟ ಮೋಟಾರು, ಇವೆರಡೂ ತಿರುಗುವುದು ಇದೇ ತತ್ತ್ವದಿಂದ. ಸುರುಳಿಗಳಲ್ಲಿ ಹರಿಯುವ ವಿದ್ಯುತ್ತು ಸುತ್ತುವ ಧ್ರುವಗಳನ್ನು ನಿರ್ಮಿಸುತ್ತದೆ. ಅವು ನಡುವಣ ಉರುಳೆಯಲ್ಲಿ ಪ್ರವಾಹವನ್ನು ಪ್ರೇರಿಸಿ, ಸೆಳೆದು, ತಳ್ಳಿ, ಅದನ್ನು ತಮ್ಮೊಡನೆ ತಿರುಗಿಸುತ್ತವೆ. ರೈತನ ಮಗನಿಗೆ ಈ ಪಾಠ ಮನೆಯ ಮಾತೇ ಸರಿ.

ಶರಣರು ಅರಿವಿನೊಡನೆ ಅನುಭಾವಕ್ಕೂ ಆಚರಣೆಗೂ ಹಿರಿಯ ಸ್ಥಾನವಿತ್ತರು. ಶ್ರೀಮಠದ ನೆರಳಿನಲ್ಲಿ ಬೆಳೆದ ಶಾಲೆಯಲ್ಲಿ ವಿಜ್ಞಾನವು ಕಂಠಪಾಠಕ್ಕೆ ನಿಲ್ಲಬಾರದು. ಒಂದು ದಿಕ್ಸೂಚಿ, ಎರಡು ದಂಡಕಾಂತ, ಒಂದು ಮೊಳೆ, ಒಂದು ಕಪ್ಪು ಅದಿರಿನ ತುಂಡು, ಇಷ್ಟಿದ್ದರೆ ನಾಲ್ಕೈದು ಮಕ್ಕಳ ಗುಂಪು ತಾನೇ ಸತ್ಯವನ್ನು ಕಂಡುಕೊಳ್ಳಬಹುದು. ಅಧ್ಯಾಪಕರು ದಂಡಕಾಂತಗಳನ್ನು ಕೆಳಗೆ ಬೀಳದಂತೆ, ಕಾಯದಂತೆ ಕಾಪಾಡಿ, ವಿಜಾತೀಯ ಧ್ರುವಗಳು ಅಕ್ಕಪಕ್ಕ ಬರುವಂತೆ ಜೋಡಿಸಿ, ಎರಡೂ ತುದಿಗಳಿಗೆ ಮೆದುಕಬ್ಬಿಣದ ತುಂಡುಗಳನ್ನು ಅಡ್ಡವಿಟ್ಟು ಇರಿಸಿದರೆ ಅವುಗಳ ಬಲ ಬಹುಕಾಲ ಉಳಿಯುತ್ತದೆ. ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ಗುಂಪಿಗೊಂದರಂತೆ ಈ ಅಲ್ಪ ಸಾಮಗ್ರಿಯನ್ನು ಒದಗಿಸಿಕೊಟ್ಟರೆ, ಪ್ರತಿಯೊಂದು ಮಗುವೂ ಆ ತಳ್ಳುವಿಕೆಯನ್ನು ತನ್ನ ಬೆರಳುಗಳಲ್ಲಿಯೇ ಅನುಭವಿಸುವಂತಾಗುತ್ತದೆ.