ಶಕ್ತಿಯ ರೂಪಾಂತರ

ಗುರುಮಠಕಲ್ ಸೀಮೆಯ ಚಿಂತನಹಳ್ಳಿಯಲ್ಲಿ ಮಳೆಗಾಲದ ನೀರು ಬಂಡೆಯ ಮೇಲಿಂದ ಭೋರ್ಗರೆಯುತ್ತ ಧುಮುಕುತ್ತದೆ. ಕೆಳಗೆ ಬಿದ್ದೊಡನೆ ಶಾಂತವಾಗಿ ಹರಿಯತೊಡಗುತ್ತದೆ. ಹಾಗಾದರೆ ಆ ರಭಸವೆಲ್ಲ ಎಲ್ಲಿ ಹೋಯಿತು?

ಅದು ನಾಶವಾಗಲಿಲ್ಲ; ರೂಪ ಬದಲಿಸಿತು. ಎತ್ತರದಲ್ಲಿರುವ ನೀರಿನಲ್ಲಿ ಅಡಗಿರುವುದು ಪ್ರಚ್ಛನ್ನ ಶಕ್ತಿ. ಧುಮುಕುವಾಗ ಅದು ಚಲನಶಕ್ತಿಯಾಗುತ್ತದೆ; ಬಂಡೆಗೆ ಅಪ್ಪಳಿಸಿದಾಗ ಅಲ್ಪಾಂಶ ಶಬ್ದವಾಗಿ, ಹೆಚ್ಚಿನ ಅಂಶ ಉಷ್ಣವಾಗಿ ಹರಡುತ್ತದೆ. ಆದರೆ ಆ ಉಷ್ಣ ನಮ್ಮ ಅರಿವಿಗೆ ಬಾರದು. ನೀರು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾಗಬೇಕಾದರೆ ಸುಮಾರು 427 ಮೀಟರ್ ಎತ್ತರದಿಂದ ಬೀಳಬೇಕು!

ಬೀಳುವ ನೀರಿನ ದಾರಿಯಲ್ಲಿ ಚಕ್ರವೊಂದನ್ನು ಇರಿಸಿದರೆ ಶಕ್ತಿಯು ಬೇರೆ ರೂಪ ತಾಳುತ್ತದೆ. 1902ರಲ್ಲಿ ಶಿವನಸಮುದ್ರದ ಕಾವೇರಿಯ ರಭಸವು ವಿದ್ಯುತ್ತಾಗಿ, ತಂತಿಯ ಮೂಲಕ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ನಮ್ಮ ನೆರೆಯ ರಾಯಚೂರು ಜಿಲ್ಲೆಯ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲಿನಿಂದ ವಿದ್ಯುತ್ತನ್ನು ಪಡೆಯುತ್ತಿದ್ದೇವೆ. ಕಲ್ಲಿದ್ದಲಿನಲ್ಲಿರುವುದು ಕೋಟ್ಯಂತರ ವರ್ಷಗಳ ಹಿಂದೆ ಸಸ್ಯಗಳು ಹೀರಿದ ಬಿಸಿಲೇ. ಉರಿದಾಗ ಅದು ಉಷ್ಣವಾಗಿ ನೀರನ್ನು ಉಗಿಯಾಗಿಸುತ್ತದೆ. ಉಗಿ ಚಕ್ರವನ್ನು ತಿರುಗಿಸುತ್ತದೆ. ಚಕ್ರದ ಚಲನೆ ವಿದ್ಯುತ್ತಾಗುತ್ತದೆ. ಆದರೆ ಇಂತಹ ಸ್ಥಾವರಗಳಲ್ಲಿ ಕಲ್ಲಿದ್ದಲಿನ ಶಕ್ತಿಯ ಸುಮಾರು ಮೂರನೆಯ ಒಂದು ಭಾಗ ಮಾತ್ರ ವಿದ್ಯುತ್ತಾಗುತ್ತದೆ. ಉಳಿದುದು ಉಷ್ಣವಾಗಿ ಗಾಳಿ, ನೀರುಗಳನ್ನು ಸೇರುತ್ತದೆ.

ಶಕ್ತಿ ನಾಶವಾಗದೆಂದ ಮೇಲೆ ಮಿತವ್ಯಯವೇಕೆ ಎಂದು ನೀವು ಕೇಳಬಹುದು. ನೆಲಕ್ಕೆ ಚೆಲ್ಲಿದ ಜೋಳದ ಹಿಟ್ಟೂ ನಾಶವಾಗುವುದಿಲ್ಲ. ಆದರೆ ಮಣ್ಣಿನಲ್ಲಿ ಬೆರೆತ ಹಿಟ್ಟಿನಿಂದ ರೊಟ್ಟಿ ಬಡಿಯಲಾದೀತೆ? ಹರಡಿಹೋದ ಉಷ್ಣವೂ ಹಾಗೆಯೇ. ಇದ್ದರೂ ನಮ್ಮ ಕೆಲಸಕ್ಕೆ ಒದಗದು. ಯಾರೂ ಇಲ್ಲದ ಕೋಣೆಯಲ್ಲಿ ಉರಿಯುವ ದೀಪವನ್ನು ಆರಿಸುವಾಗ ನೀವು ಉಳಿಸುವುದು ಯುಗಯುಗಗಳ ಹಿಂದಿನ ಒಂದು ಹಿಡಿ ಬಿಸಿಲನ್ನು.