ಯೋಧನ ಮೇಲ್ಮನವಿ: ಕಾರಣ ಹೇಳಬೇಕಾದವರು ಯಾರು?

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳಲ್ಲಿ ಸೇನೆಯಿಂದ ಹಿಂದಿರುಗಿದ ಕೆಲವರ ಮನೆಗೆ ಒಂದು ಬಗೆಯ ಪತ್ರ ಬರುತ್ತದೆ. ಅದರಲ್ಲಿ ಕಾಯಿಲೆಯ ಹೆಸರು, ಅಂಗವೈಕಲ್ಯದ ಶೇಕಡಾ ಪ್ರಮಾಣ, ಕೊನೆಗೆ ಒಂದು ವಾಕ್ಯ ಇರುತ್ತವೆ: ಈ ಕಾಯಿಲೆ ಸೈನಿಕ ಸೇವೆಯಿಂದ ಬಂದುದಲ್ಲ, ಸೇವೆಯಿಂದ ಉಲ್ಬಣಗೊಂಡದ್ದೂ ಅಲ್ಲ. ಜಿಲ್ಲಾಡಳಿತದಲ್ಲಿದ್ದ ವರ್ಷಗಳಲ್ಲಿ, ಇಂಗ್ಲಿಷಿನ ಇಂತಹ ಪತ್ರ ಹಿಡಿದು ಅರ್ಥ ಕೇಳಲು ಬಂದ ಹಲವರನ್ನು ಕಂಡಿದ್ದೇನೆ. ಕಂದಾಯ ಇಲಾಖೆಗೂ ಅದಕ್ಕೂ ಸಂಬಂಧವಿರಲಿಲ್ಲ. ಆದರೆ ಹಳ್ಳಿಯವನ ಪಾಲಿಗೆ ಸರ್ಕಾರವೆಂಬುದು ಒಂದೇ.

ಅಂಗವೈಕಲ್ಯ ಪಿಂಚಣಿಯ ತೀರ್ಮಾನ ಎರಡು ಪ್ರಶ್ನೆಗಳನ್ನು ಅವಲಂಬಿಸಿದೆ. ಕಾಯಿಲೆಗೂ ಸೇವೆಗೂ ಸಂಬಂಧವಿದೆಯೇ? ಇದ್ದರೆ ವೈಕಲ್ಯದ ಪ್ರಮಾಣವೆಷ್ಟು? ಬಿಡುಗಡೆಯ ವೇಳೆ ವೈದ್ಯಕೀಯ ಮಂಡಳಿ ಇವೆರಡಕ್ಕೂ ಉತ್ತರ ಬರೆಯುತ್ತದೆ. 2023ರ ಹೊಸ ನಿಯಮಗಳಿಗೆ ಮುನ್ನ ನಿವೃತ್ತರಾದವರ ಲೆಕ್ಕ ಹೀಗಿದೆ: ನೂರಕ್ಕೆ ನೂರು ವೈಕಲ್ಯವಿದ್ದರೆ ಕೊನೆಯ ವೇತನದ ಶೇ 30ರಷ್ಟು ಮೊತ್ತ; ಪ್ರಮಾಣ ಇಳಿದಂತೆ ಮೊತ್ತವೂ ಇಳಿಯುತ್ತದೆ. ಅವಧಿ ಪೂರೈಸಿ ನಿವೃತ್ತರಾದವರಿಗೆ ಕನಿಷ್ಠ ಶೇ 20 ವೈಕಲ್ಯವಿರಬೇಕು. ಶೇ 50ಕ್ಕಿಂತ ಕಡಿಮೆಯಿದ್ದುದನ್ನು 50ಕ್ಕೆ ಏರಿಸುವ ಸೌಲಭ್ಯ ಇವರಿಗೂ ಸಲ್ಲುತ್ತದೆ ಎಂದು ಸುಪ್ರೀಂ ಕೋರ್ಟ್ 2014ರ ಡಿಸೆಂಬರ್‌ನಲ್ಲಿ ರಾಮ್ ಅವತಾರ್ ಪ್ರಕರಣದಲ್ಲಿ ಎತ್ತಿಹಿಡಿಯಿತು. ಕೊನೆಯ ವೇತನ 40,000 ರೂಪಾಯಿ, ವೈಕಲ್ಯ ಶೇ 20 ಎಂದಿಟ್ಟುಕೊಂಡರೆ ತಿಂಗಳಿಗೆ 6,000 ರೂಪಾಯಿ. ಮಳೆಯಾಶ್ರಿತ ರಾಗಿ ಹೊಲವನ್ನು ನಂಬಿದ ಕುಟುಂಬಕ್ಕೆ ಇದು ಸಣ್ಣ ಮೊತ್ತವಲ್ಲ.

ಮಂಡಳಿಯ ಉತ್ತರ ಪ್ರತಿಕೂಲವಾದರೆ ಆರು ತಿಂಗಳೊಳಗೆ ಮೊದಲ ಮೇಲ್ಮನವಿ ಸಮಿತಿಗೆ, ಅಲ್ಲಿಯೂ ಸೋತರೆ ಎರಡನೆಯ ಸಮಿತಿಗೆ ಮನವಿ ಸಲ್ಲಿಸಬೇಕು. ಆನಂತರದ್ದು 2007ರ ಕಾಯ್ದೆಯಂತೆ 2009ರಲ್ಲಿ ಕಾರ್ಯಾರಂಭ ಮಾಡಿದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಹೈಕೋರ್ಟಿನ ನ್ಯಾಯಮೂರ್ತಿಯಾಗಿದ್ದವರೊಬ್ಬರು ಮತ್ತು ಸೇನೆಯ ಉನ್ನತ ಅಧಿಕಾರಿಯಾಗಿದ್ದವರೊಬ್ಬರು ಅಲ್ಲಿ ಒಟ್ಟಿಗೆ ಕುಳಿತು ವಿಚಾರಣೆ ನಡೆಸುತ್ತಾರೆ. ಆದರೆ ಪೀಠಗಳು ಹಂಚಿಕೆಯಾದಾಗ ದಕ್ಷಿಣದಲ್ಲಿ ಅವು ದೊರೆತದ್ದು ಚೆನ್ನೈ ಮತ್ತು ಕೊಚ್ಚಿಗೆ. ಇಷ್ಟೊಂದು ಸೇನಾ ತರಬೇತಿ ಕೇಂದ್ರಗಳಿರುವ ಬೆಂಗಳೂರಿಗೆ ಖಾಯಂ ಪೀಠ ದೊರೆಯಲಿಲ್ಲ.

ಈ ವ್ಯವಸ್ಥೆಯನ್ನು ನಮ್ಮ ಕಂದಾಯ ಮೇಲ್ಮನವಿಯೊಡನೆ ಹೋಲಿಸಿ ನೋಡಬಹುದು. ಖಾತೆ ಬದಲಾವಣೆಯ ಆದೇಶ ಒಪ್ಪಿಗೆಯಾಗದಿದ್ದರೆ ರೈತನು 1964ರ ಭೂಕಂದಾಯ ಕಾಯ್ದೆಯಡಿ ಉಪವಿಭಾಗಾಧಿಕಾರಿಯ ಮುಂದೆ ಮೇಲ್ಮನವಿ ಸಲ್ಲಿಸುತ್ತಾನೆ. ಅಲ್ಲಿಯೂ ವಿಳಂಬವಿದೆ, ಅಲೆದಾಟವಿದೆ. ನಾನೇನೂ ಅದನ್ನು ಆದರ್ಶವೆನ್ನುವುದಿಲ್ಲ. ಆದರೂ ಅವನ ಹೆಸರು ಕೂಗುತ್ತಾರೆ, ಅವನ ಮಾತು ಕೇಳುತ್ತಾರೆ, ಆದೇಶದಲ್ಲಿ ಕಾರಣ ಬರೆಯುತ್ತಾರೆ. ಯೋಧನ ಮೇಲ್ಮನವಿ ಸಮಿತಿಗಳು ಕಡತ ನೋಡಿ ನಿರ್ಧರಿಸುತ್ತವೆ. ಅರ್ಧ ಗುಂಟೆ ಜಮೀನಿಗಾಗಿ ಹೋರಾಡುವವನಿಗೆ ದೊರೆಯುವ ವಿಚಾರಣೆ, ದೇಹವನ್ನೇ ಸೇವೆಗೆ ಒಪ್ಪಿಸಿದವನಿಗೆ ದೊರೆಯುವುದು ನ್ಯಾಯಮಂಡಳಿಯ ಹಂತ ತಲುಪಿದ ಮೇಲೆಯೇ.

ಕಾನೂನಂತೂ ಯೋಧನ ಪರವಾಗಿ ಸ್ಪಷ್ಟವಾಗಿದೆ. ಮೂರ್ಛೆರೋಗದ ಕಾರಣದಿಂದ 1994ರಲ್ಲಿ ಸೇನೆಯಿಂದ ಬಿಡುಗಡೆಗೊಂಡ ಧರಮ್‌ವೀರ್ ಸಿಂಗ್ ಎಂಬ ಸಿಪಾಯಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರ ಜುಲೈನಲ್ಲಿ ತೀರ್ಪು ನೀಡಿತು. ಸೇರ್ಪಡೆಯ ವೇಳೆ ಕಾಯಿಲೆ ದಾಖಲಾಗಿಲ್ಲದಿದ್ದರೆ ಅವನು ಆರೋಗ್ಯವಂತನಾಗಿದ್ದನೆಂದೇ ಭಾವಿಸಬೇಕು. ಸೇವೆಗೂ ಕಾಯಿಲೆಗೂ ಸಂಬಂಧವಿದೆಯೆಂದು ಸಾಬೀತುಪಡಿಸುವ ಹೊಣೆ ಅವನದಲ್ಲ. ಸಂಬಂಧವಿಲ್ಲವೆನ್ನುವ ಮಂಡಳಿ ಕಾರಣಗಳನ್ನು ದಾಖಲಿಸಬೇಕು. ಸಂದೇಹದ ಲಾಭ ಯೋಧನಿಗೇ ಸಲ್ಲಬೇಕು. ಇಷ್ಟು ಹೇಳಿಸಿಕೊಳ್ಳಲು ಅವರಿಗೆ ಹತ್ತೊಂಬತ್ತು ವರ್ಷ ಹಿಡಿಯಿತು.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇಲ್ಲಿ ಅನ್ವಯಿಸುತ್ತದೆ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಕಾಣುವುದಿಷ್ಟು: ಸಾಬೀತಿನ ಹೊಣೆಯನ್ನು ನ್ಯಾಯಾಲಯ ಯೋಧನಿಂದ ಇಳಿಸಿತು, ಆದರೆ ಮೇಲ್ಮನವಿಯ ವೆಚ್ಚ ಅದನ್ನು ಮತ್ತೆ ಅವನ ಹೆಗಲಿಗೇ ಹೊರಿಸಿದೆ. ವಕೀಲರ ಶುಲ್ಕ, ಪ್ರಯಾಣ, ಕಳೆದ ಕೂಲಿ ಅವನ ಜೇಬಿನಿಂದ. ಎದುರು ಪಕ್ಷದ ವೆಚ್ಚ ಬೊಕ್ಕಸದಿಂದ. ತಡವಾಗಿ ಬಂದವನಿಗೆ ಬಾಕಿ ಹಣವನ್ನು ಸಾಮಾನ್ಯವಾಗಿ ಅರ್ಜಿಯ ಹಿಂದಿನ ಮೂರು ವರ್ಷಗಳಿಗೆ ಸೀಮಿತಗೊಳಿಸಬೇಕೆಂದು 2008ರ ತರ್ಸೇಮ್ ಸಿಂಗ್ ತೀರ್ಪು ಹೇಳಿದೆ. ಹೀಗಾಗಿ ತಿಳಿವಳಿಕೆಯಿಲ್ಲದೆ ಸುಮ್ಮನಿದ್ದ ಪ್ರತಿ ವರ್ಷವೂ ನಷ್ಟವೇ. ಸೇನಾ ನ್ಯಾಯಮಂಡಳಿಯ ಆದೇಶಗಳನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಬಹುದೆಂದು 2023ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ನೆಲಮಂಗಲದವನಿಗೆ ಇದು ಹತ್ತಿರದ ಬಾಗಿಲು, ನಿಜ. ಆದರೆ ಗೆದ್ದ ಯೋಧನನ್ನು ಮತ್ತೆ ಎಳೆದೊಯ್ಯಲು ಸರ್ಕಾರಕ್ಕೂ ಅದೇ ಬಾಗಿಲು ತೆರೆದಿದೆ.

ಬೊಕ್ಕಸದ ಹಿತ ಕಾಯುವುದು ತಪ್ಪೇನಲ್ಲ. ಮಹಾಲೇಖಪಾಲರ 2023ರ ವರದಿ, ಅಂಗವೈಕಲ್ಯ ಪಿಂಚಣಿಯೊಂದಿಗೆ ನಿವೃತ್ತರಾಗುವವರ ಪ್ರಮಾಣ ಜವಾನರಿಗಿಂತ ಅಧಿಕಾರಿಗಳಲ್ಲಿ ಬಹಳ ಹೆಚ್ಚೆಂದು ತೋರಿಸಿತು. ಅದೇ ವರ್ಷ ಸೆಪ್ಟೆಂಬರ್ 21ರಿಂದ ಬಿಗಿಯಾದ ಹೊಸ ನಿಯಮಗಳು ಬಂದವು. ಹಿಂದೆ ನಿವೃತ್ತರಾದವರಿಗೆ ಇವು ಅನ್ವಯಿಸುವುದಿಲ್ಲವೆಂದು ಸರ್ಕಾರ ಹೇಳಿದೆ. ದುರುಪಯೋಗವಿದ್ದರೆ ತಡೆಯಲೇಬೇಕು. ಆದರೆ ಆ ಅಂಕಿಅಂಶ ಇನ್ನೊಂದು ಅನುಮಾನಕ್ಕೂ ಎಡೆಮಾಡುತ್ತದೆ: ನಿಯಮ ಬಲ್ಲವನಿಗೆ ದೊರೆಯುವುದು ಬಲ್ಲದವನಿಗೆ ದೊರೆಯುತ್ತಿಲ್ಲವೇ? ಮೇಲ್ಮನವಿಯ ದಾರಿ ದುರ್ಗಮವಾದಷ್ಟೂ ಅದು ಸುಳ್ಳು ಹೇಳುವವನನ್ನಲ್ಲ, ಬಡವನನ್ನು ಹಿಮ್ಮೆಟ್ಟಿಸುತ್ತದೆ.

ಪರಿಹಾರ ದೊಡ್ಡ ಖರ್ಚಿನದ್ದಲ್ಲ. ವೈದ್ಯಕೀಯ ಮಂಡಳಿ ನಿರಾಕರಿಸುವಾಗ ಆ ವ್ಯಕ್ತಿಯ ಸೇವಾ ಸ್ಥಳ, ಕೆಲಸದ ಒತ್ತಡ, ಚಿಕಿತ್ಸೆಯ ಇತಿಹಾಸ ನೋಡಿ ಕಾರಣ ಬರೆಯಲಿ. ಕಾರಣವಿಲ್ಲದ ಅಭಿಪ್ರಾಯವನ್ನು ಮೊದಲ ಸಮಿತಿಯೇ ಹಿಂದಿರುಗಿಸಲಿ. ಅರ್ಜಿದಾರನ ಮಾತನ್ನು ವಿಡಿಯೊ ಮೂಲಕವಾದರೂ ಆಲಿಸಲಿ. ಇತ್ಯರ್ಥವಾದ ವಿಷಯಗಳಲ್ಲಿ ಸರ್ಕಾರ ಮೇಲ್ಮನವಿ ಹೂಡುವುದನ್ನು ಬಿಡಲಿ. ವ್ಯಾಜ್ಯ ತಗ್ಗಿಸಲೆಂದು ರಕ್ಷಣಾ ಸಚಿವಾಲಯವೇ 2015ರಲ್ಲಿ ನೇಮಿಸಿದ್ದ ತಜ್ಞರ ಸಮಿತಿಯ ಆಶಯವೂ ಇದೇ ಆಗಿತ್ತು. ರಾಜ್ಯದ ಸೈನಿಕ ಕಲ್ಯಾಣ ಇಲಾಖೆ ನಿರಾಕರಣೆಯ ಪತ್ರವನ್ನು ಕನ್ನಡದಲ್ಲಿ ವಿವರಿಸಿ, ಮೇಲ್ಮನವಿ ಬರೆದುಕೊಡುವ ವ್ಯವಸ್ಥೆಯನ್ನು ತಾಲ್ಲೂಕು ಕೇಂದ್ರಗಳಲ್ಲಿ ತಿಂಗಳಿಗೊಂದು ದಿನ ಮಾಡಬಹುದು.

ಮಾಜಿ ಸೈನಿಕರು ಮಾಡಬೇಕಾದದ್ದೂ ಇದೆ. ಬಿಡುಗಡೆಯ ಪುಸ್ತಕ, ವೈದ್ಯಕೀಯ ಮಂಡಳಿಯ ನಡಾವಳಿ, ಆಸ್ಪತ್ರೆಯ ದಾಖಲೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಇಲ್ಲದಿದ್ದರೆ ಮಾಹಿತಿ ಹಕ್ಕಿನಡಿ ಪ್ರತಿ ಪಡೆಯಬೇಕು. ಮನವಿಗೆ ಆರು ತಿಂಗಳಾದರೂ ಉತ್ತರ ಬಾರದಿದ್ದರೆ ನ್ಯಾಯಮಂಡಳಿಗೆ ನೇರವಾಗಿ ಹೋಗಲು ಕಾಯ್ದೆಯಲ್ಲಿಯೇ ಅವಕಾಶವಿದೆ.

ಸೇನೆಗೆ ಸೇರಿಸಿಕೊಳ್ಳುವಾಗ ಎದೆಯ ಸುತ್ತಳತೆಯಿಂದ ಕಣ್ಣಿನ ದೃಷ್ಟಿಯವರೆಗೆ ಅಳೆದು, ದೃಢಕಾಯನೆಂದು ಸರ್ಕಾರವೇ ಬರೆದುಕೊಟ್ಟಿರುತ್ತದೆ. ಅದೇ ದೇಹವನ್ನು ಕುಗ್ಗಿದ ಸ್ಥಿತಿಯಲ್ಲಿ ಹಿಂದಿರುಗಿಸುವಾಗ, ನಡುವೆ ಏನಾಯಿತೆಂದು ಹೇಳಬೇಕಾದ ಹೊಣೆಯೂ ಸರ್ಕಾರದ್ದೇ.