ಪುರಸಭೆ: ಯಾರ ಅಧಿಕಾರ ಎಷ್ಟು?

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಪಟ್ಟಣಗಳ ಜನಸಂಖ್ಯೆ 2011ರ ಜನಗಣತಿಯಲ್ಲಿ 20 ಸಾವಿರದಿಂದ 50 ಸಾವಿರದೊಳಗಿತ್ತು. ಪುರಸಭೆಗೆ ನಿಗದಿಯಾದ ಮಿತಿ ಇದೇ. ಅಲ್ಲಿಗೂ ನಮ್ಮ ಕುಂದಾಪುರಕ್ಕೂ ಕಾನೂನು ಒಂದೇ: 1964ರ ಕರ್ನಾಟಕ ಪುರಸಭೆಗಳ ಕಾಯ್ದೆ.

ವಾರ್ಡಿನ ಜನರು ಸದಸ್ಯರನ್ನು 5 ವರ್ಷಕ್ಕೆ ಆರಿಸುತ್ತಾರೆ. ಅಧ್ಯಕ್ಷರನ್ನು ಆರಿಸುವವರು ಆ ಸದಸ್ಯರು. ಕ್ಷೇತ್ರದ ಶಾಸಕರು, ಸಂಸದರಿಗೂ ಮತವಿದೆ, ನಾಮಕರಣಗೊಂಡವರಿಗಿಲ್ಲ. ನೀರು, ಬೀದಿದೀಪ, ಕಸದ ಬಗ್ಗೆ ತೀರ್ಮಾನ ಸಭೆಯದು, ಜಾರಿ ಮುಖ್ಯಾಧಿಕಾರಿಯದು. ಆದ್ದರಿಂದ ಅರ್ಜಿಯನ್ನು ಸದಸ್ಯರ ಕೈಗಿತ್ತು ಸುಮ್ಮನಾಗಬೇಡಿ. ಕಚೇರಿಗೂ ಕೊಟ್ಟು ಸ್ವೀಕೃತಿ ಪಡೆಯಿರಿ.

ಅಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿಯನ್ನು ಮಾತ್ರ ರಾಜ್ಯ ಸರಕಾರವೇ ಹೊರಡಿಸಬೇಕು. ತೊಡಕು ಇಲ್ಲೇ. 2018ರ ಆಗಸ್ಟ್‌ನಲ್ಲಿ ನಡೆದ ಚುನಾವಣೆಯಲ್ಲಿ ಗೆದ್ದ ರಾಜ್ಯದ ಅನೇಕ ಪುರಸಭಾ ಸದಸ್ಯರು, ಈ ಪಟ್ಟಿ ನ್ಯಾಯಾಲಯದ ಮೆಟ್ಟಿಲೇರಿದ್ದರಿಂದ 2020ರವರೆಗೂ ಅಧಿಕಾರವಿಲ್ಲದೆ ಕಾದರು. ಅಷ್ಟು ಕಾಲ ಆಡಳಿತ ನಡೆಸಿದ್ದು ಸರಕಾರ ನೇಮಿಸಿದ ಆಡಳಿತಾಧಿಕಾರಿಗಳು.